ಹೆಸರಿನ ಬಾಲ

ನನ್ನ ಗಂಡನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ನಗುವವರು ನಗಲಿ. ಮದುವೆಯ ದಿನ ನಾದಿನಿಯರೆಲ್ಲ ಬಾಗಿಲಿಗೆ ಅಡ್ಡ ನಿಂತು ಕಾಡಿದಾಗ ಒಂದು ಒಡಪಿನೊಳಗೆ ಸೇರಿಸಿ ಹೇಳಿ ಮುಗಿಸಿದ್ದೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದು ಹಾಗೆಯೇ, ಪ್ರಾಸದ ಮರೆಯಲ್ಲಿ ನಿಂತು, ನಾಚಿಕೊಂಡು. ಆಮೇಲೆ ಅವರು "ನಮ್ಮ ಮನಿಯವ್ರು" ಅಷ್ಟೇ. ಕೆನಡಾಕ್ಕೆ ಬಂದ ಮೇಲೆ ಬ್ಯಾಂಕಿನ ಹುಡುಗಿ, ಡಾಕ್ಟರ ಆಫೀಸಿನ ಹುಡುಗಿ, ಎಲ್ಲರೂ "ಹಸ್ಬೆಂಡ್ಸ್ ನೇಮ್?" ಎಂದು ಕೇಳಿದಾಗ ನಾನು ಇವರ ಕಡೆ ತಿರುಗಿ ಕಣ್ಣಸನ್ನೆ ಮಾಡುತ್ತಿದ್ದೆ. ಇವರಿಗೆ ಮುಜುಗರ.

"ಹೇಳಬಾರದೇನ ಮಾರಾಯ್ತಿ? ಇಲ್ಲಿ ಯಾರ ಏನ ಅಂತಾರ?"

"ಯಾರೂ ಏನೂ ಅನ್ನೂದಿಲ್ಲ ಅಂದ್ಮ್ಯಾಲೆ ನೀವ ಹೇಳ್ರಿ," ಎನ್ನುತ್ತಿದ್ದೆ.

ಹೆಸರಿನ ವಿಷಯದಲ್ಲಿ ನಾನು ಬೆಳೆದದ್ದೇ ಹೀಗೆ. ಬ್ಯಾಡಗಿಯ ಹತ್ತಿರದ ನಮ್ಮೂರಿನ ಓಣಿಯಲ್ಲಿ ಸಣ್ಣ ಹುಡುಗಿಯೊಬ್ಬಳು ಓಡಿ ಹೋದರೆ ಕಟ್ಟೆಯ ಮೇಲಿನ ಮುದುಕಿಯರು ನಿನ್ನ ಹೆಸರೇನು ಎಂದು ಕೇಳುತ್ತಿರಲಿಲ್ಲ. "ಯಾರ ಮಗಳಬೇ ನೀ?" ಎಂದು ಕೇಳುತ್ತಿದ್ದರು. ನಮ್ಮ ಹೆಸರು ಕಟ್ಟಿಕೊಂಡು ಅವರಿಗೇನಾಗಬೇಕಿತ್ತು? ಅಪ್ಪನ ಹೆಸರು ಹೇಳಬೇಕು. ಅದು ಸಾಲದಿದ್ದರೆ ಮನೆತನದ ಹೆಸರು. ನಮ್ಮ ಮನೆತನದ ಹೆಸರೆಂದರೆ ಎಂದೋ ಬದುಕಿದ್ದ ಮುತ್ತಜ್ಜನೊಬ್ಬನ ಹೆಸರಿಗೆ 'ನವರ' ಎಂದು ಬಾಲ ಹಚ್ಚಿದ್ದು. ಇಂಥಪ್ಪನವರ. ಅವರ ಏನು, ಮಗಳೋ ಮನೆಯೋ ಹೊಲವೋ, ಅದನ್ನು ಯಾರೂ ಪೂರ್ತಿ ಹೇಳುವುದಿಲ್ಲ. ಮಾತು ಅಲ್ಲಿಗೇ ನಿಲ್ಲುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಮುದುಕಿ "ಹೌದೇನ! ಅವರಾಕಿ ಏನ ನೀ?" ಎಂದು ಗಲ್ಲ ಹಿಂಡಿ, ಅಂಗೈಗೆ ಒಂದಿಷ್ಟು ಶೇಂಗಾ ಸುರಿದು, "ಹೋಗು ಹೋಗು, ನಿಮ್ಮವ್ವ ಹಾದಿ ನೋಡ್ತಿರ್ತಾಳ" ಎಂದು ಅಟ್ಟುತ್ತಿದ್ದಳು.

ನಾವು ಬಂದದ್ದು ತೊಂಬತ್ತರ ದಶಕದ ನಡುವೆ, ಒಶಾವಾಕ್ಕೆ. ಇವರಿಗೆ ಕಾರಿನ ಸೀಟು ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತು. ಹುಬ್ಬಳ್ಳಿಯಲ್ಲಿ ಡಿಪ್ಲೊಮಾ ಮಾಡಿ, ಮೂರು ಜನರ ಮೇಲೆ ದರ್ಬಾರು ನಡೆಸುತ್ತಿದ್ದ ಮನುಷ್ಯ ಇಲ್ಲಿ ಶಿಫ್ಟಿನಲ್ಲಿ ನಿಂತು ಬೋಲ್ಟು ಬಿಗಿಯುತ್ತಿದ್ದರು. ಅವರ ಮನೆತನದ ಹೆಸರೂ 'ನವರ'ದಲ್ಲೇ ಮುಗಿಯುವುದು, ಅವರ ಮುತ್ತಜ್ಜನದು. ಎದೆಯ ಮೇಲಿನ ಬ್ಯಾಡ್ಜಿನಲ್ಲಿ ಅಷ್ಟುದ್ದ ಹಿಡಿಸಲಿಲ್ಲ. ಬಾಲ ಕತ್ತರಿಸಿ ಮುಂದಿನದನ್ನಷ್ಟೇ ಬರೆದರು. ಫ್ಯಾಕ್ಟರಿಯ ಮಂದಿಯೆಲ್ಲ ಅದನ್ನೇ ಕರೆಯತೊಡಗಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ: ಎಂದೋ ಮಣ್ಣಾದ ಅಜ್ಜ ಒಶಾವಾದಲ್ಲಿ ಶಿಫ್ಟಿಗೆ ಹೋಗುತ್ತಿದ್ದಾನೆ! "ನಗಬ್ಯಾಡ, ಪಗಾರ ನಂಗs ಕೊಡ್ತಾರ" ಎಂದು ಇವರು ಮುಖ ಊದಿಸಿಕೊಂಡರು.

ನಾವಿದ್ದದ್ದು ಒಬ್ಬ ಮುದುಕಿಯ ಮನೆಯ ಬೇಸ್‌ಮೆಂಟಿನಲ್ಲಿ. ಮ್ಯಾಸಿಡೋನಿಯಾದ ಹಳ್ಳಿಯಿಂದ ಗಂಡ, ಸಣ್ಣ ಮಗನ ಜೊತೆ ಬಂದು ನೆಲೆಸಿದವಳು. ಗಂಡ ತೀರಿಕೊಂಡಿದ್ದ. ಓಣಿಗೆಲ್ಲ ಆಕೆ 'ಬಾಬಾ'. ಅವರ ಭಾಷೆಯಲ್ಲಿ ಹಾಗೆಂದರೆ ಅಜ್ಜಿ. ನನಗೋ ಬಾಬಾ ಎಂದ ಕೂಡಲೇ ಗಡ್ಡದ ಗಂಡಸು ಕಣ್ಣಿಗೆ ಬರುತ್ತಿದ್ದ. ಮೊದಲ ತಿಂಗಳು ನಾನು ಆಕೆಯನ್ನು ನೋಡಿದ್ದೇ ಕಡಿಮೆ. ಮೇಲೆ ಆಕೆ ನಡೆದದ್ದು, ಕುರ್ಚಿ ಎಳೆದದ್ದು, ಕೆಮ್ಮಿದ್ದು ನನ್ನ ತಲೆಯ ಮೇಲೆ ಕೇಳುತ್ತಿತ್ತು. ಕೆಳಗೆ ನಾನು ಒಬ್ಬಳೇ. ಇವರು ಶಿಫ್ಟಿಗೆ ಹೋದರೆ ಬಾಯಿ ಬಿಟ್ಟು ಒಂದು ಮಾತಾಡಲು ನರಪಿಳ್ಳೆ ಇರಲಿಲ್ಲ. ಒಲೆಯ ಜೊತೆ ಮಾತಾಡುತ್ತಿದ್ದೆ ಎಂದರೆ ನಂಬಿ.

ಸೆಪ್ಟೆಂಬರಿನ ಒಂದು ಮುಂಜಾನೆ ಘಾಟು ಬಂತು. ಸುಟ್ಟ ಮೆಣಸಿನಕಾಯಿಯ ಘಾಟು! ಬ್ಯಾಡಗಿಯ ಕಡೆಯವಳಿಗೆ ಅದಕ್ಕಿಂತ ಹೆಚ್ಚಿನ ಕರೆಯೋಲೆ ಬೇಕೇ? ಚಪ್ಪಲಿ ಮೆಟ್ಟಿ ಹಾಗೆಯೇ ಓಡಿದೆ. ಗ್ಯಾರೇಜಿನ ಬಾಗಿಲು ಅರ್ಧ ಎತ್ತಿತ್ತು. ಒಳಗೆ ಗ್ಯಾಸಿನ ಉರಿಯ ಮೇಲೆ ಒಂದು ಜಾಳಿಗೆಯ ಡ್ರಮ್ಮು ತಿರುಗುತ್ತಿತ್ತು, ಅದರೊಳಗೆ ಉದ್ದುದ್ದ ಕೆಂಪು ಕಾಯಿಗಳು ಹೊರಳಾಡಿ ಕಪ್ಪಾಗುತ್ತಿದ್ದವು. ತಲೆಗೆ ಬಟ್ಟೆ ಕಟ್ಟಿದ ಹೆಂಗಸರು ಸುತ್ತ ಕುಳಿತು ಸುಟ್ಟ ಸಿಪ್ಪೆ ಸುಲಿಯುತ್ತಿದ್ದರು. ನಮ್ಮೂರಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೆಂಗಸರು ಕೂರುವುದೂ ಹೀಗೆಯೇ, ಮೊಣಕಾಲಿಗೆ ಮೊಣಕಾಲು ತಾಗಿಸಿ. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಮುದುಕಿ ತಲೆ ಎತ್ತಿ ನನ್ನನ್ನು ನೋಡಿ ಕೇಳಿದಳು: "ಚೀಯಾ ಸಿ ತಿ, ಮೋರಿ?"

ಮೋರಿ! ಇದೇನಪ್ಪಾ, ಬಂದವರನ್ನು ಗಟಾರ ಎನ್ನುತ್ತಾಳಲ್ಲ ಎಂದು ನಾನು ಮುಖ ಗಂಟು ಹಾಕಿದೆ. ಉರಿಯ ಹತ್ತಿರ ನಿಂತಿದ್ದ ಆಕೆಯ ಮಗ ನಕ್ಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದ. ಮೋರಿ ಎಂದರೆ ಹೆಂಗಸರನ್ನು ಸಲಿಗೆಯಿಂದ ಕರೆಯುವುದು, ನಮ್ಮ 'ಬೇ' ಇದ್ದ ಹಾಗೆ. ಉಳಿದದ್ದು, ನೀನು ಯಾರವಳು ಎಂದು. "ತಪ್ಪು ತಿಳಿಯಬೇಡಿ," ಎಂದ, "ಇವರ ಹಳ್ಳಿಯಲ್ಲಿ ಹೀಗೇ ಕೇಳುವುದು. ಹೆಸರು ಕೇಳುವುದಿಲ್ಲ. ಯಾರಿಗೆ ಸೇರಿದವಳು ಅಂತ ಕೇಳುತ್ತಾರೆ. ಓಲ್ಡ್ ಫ್ಯಾಶನ್ಡ್."

ಸುಳ್ಳು ಯಾಕೆ ಹೇಳಲಿ, ನನಗೆ ಅಳುವೇ ಬಂತು. ಈ ದೇಶಕ್ಕೆ ಬಂದಂದಿನಿಂದ ಎಲ್ಲರೂ ನನ್ನ ಹೆಸರು ಕೇಳಿದ್ದರು, ಸ್ಪೆಲ್ಲಿಂಗು ಕೇಳಿದ್ದರು, ಹುಟ್ಟಿದ ತಾರೀಕು ಕೇಳಿದ್ದರು. ನೀನು ಯಾರ ಮಗಳಬೇ ಎಂದು ಕೇಳಿದವಳು ಇವಳೊಬ್ಬಳೇ. ನಾನು ಅಪ್ಪನ ಹೆಸರು ಹೇಳಿದೆ, ಮನೆತನದ ಹೆಸರು ಹೇಳಿದೆ, 'ನವರ' ಎಂದು ಒತ್ತಿ ಹೇಳಿದೆ. ಅಲ್ಲಿ ಯಾರಿಗೆ ತಿಳಿಯಬೇಕು? ಆದರೂ ಮುದುಕಿ ಎಲ್ಲ ತಿಳಿದವಳಂತೆ ತಲೆಯಾಡಿಸಿ ಪಕ್ಕದ ಸ್ಟೂಲು ತೋರಿಸಿದಳು. ಒಂದು ಕಾಯಿ ಸುಲಿದು ಬಾಯಿಗೆ ಹಾಕಿಕೊಂಡೆ. ಅಯ್ಯ ಶಿವನ, ಖಾರವೇ ಇಲ್ಲ! ಬರೀ ಸಿಹಿ. "ಇದೆಂಥಾ ಮೆಣಸಿನಕಾಯಿಬೇ ಯವ್ವಾ" ಎಂದು ಕನ್ನಡದಲ್ಲೇ ಬೈದೆ. ಅವರೆಲ್ಲ ನಕ್ಕರು.

ಅಂದಿನಿಂದ ನಾನು ಬೇಸ್‌ಮೆಂಟಿನವಳಾಗಿ ಉಳಿಯಲಿಲ್ಲ, ಮೇಲಿನ ಅಡುಗೆಮನೆಯವಳಾದೆ. ಬಾಬಾಳ ಇಂಗ್ಲಿಷು ಮುರುಕು, ನನ್ನದೂ ಮುರುಕು. ಆದರೆ ಆಕೆಯ ಮಾತು ನನ್ನ ಕಿವಿಯಲ್ಲಿ ಬೀಳುವಾಗ ನಮ್ಮೂರ ಕನ್ನಡವೇ ಆಗಿಬಿಡುತ್ತಿತ್ತು. ಹಾಗೆಯೇ ಬರೆಯುತ್ತೇನೆ, ಬೇರೆ ರೀತಿ ನನಗೆ ನೆನಪಿಲ್ಲ. ಮೊದಲ ಚಳಿಗಾಲದಲ್ಲಿ ಜ್ವರ ಬಂದು ಮಲಗಿದ್ದಾಗ ಸೂಪು ತಂದುಕೊಟ್ಟಳು. ನಾನು ಥ್ಯಾಂಕ್ಯೂ ಎಂದೆ. ಮುದುಕಿ ಕಣ್ಣು ಕೆಂಪಗೆ ಮಾಡಿದಳು. "ಥ್ಯಾಂಕ್ಯೂ ಅಂಗಡಿಯವರಿಗೆ ಹೇಳು. ನಾ ಏನ ಅಂಗಡಿ ಇಟ್ಟೇನೇನ?"

ಬಾಲಗಳ ಪಾಠ ಕಲಿಸಿದವಳೂ ಆಕೆಯೇ. ಸಂಜೆ ಇಬ್ಬರೂ ಓಣಿಯಲ್ಲಿ ತಿರುಗಾಡಲು ಹೊರಟರೆ ಒಂದೊಂದು ಮನೆಯ ಮುಂದೆ ಕೋಲೆತ್ತಿ ತೋರಿಸುತ್ತಿದ್ದಳು. ಆ ಮನೆಯವರ ಹೆಸರು 'ಎಂಕೊ' ಎಂದು ಮುಗಿಯುತ್ತದೆ, ಉಕ್ರೇನಿನವರು, ಇಂಥವನ ಕೂಸು ಎಂದರ್ಥ. ಎದುರಿನದು 'ಓವಿಚ್', ಸರ್ಬಿಯಾದವರು, ಅದೂ ಇಂಥವನ ಕೂಸೇ. ಮೂಲೆಯದು 'ಸ್ಕಿ', ಪೋಲೆಂಡಿನವನು. ಅವನು ಸ್ಕಿ ಆದರೆ ಅವನ ಹೆಂಡತಿ ಸ್ಕಾ, ಬೇಕಾದರೆ ಹೋಗಿ ಕೇಳು. ತನ್ನದು 'ಓವ್‌ಸ್ಕಾ', ಗಂಡನದು 'ಓವ್‌ಸ್ಕಿ'. ಅಪ್ಪನದು ಎನ್ನಲು ಅವರಲ್ಲಿ 'ತಾತ್ಕೊವ್', ಅವ್ವನದು ಎನ್ನಲು 'ಮಾಯ್ಕಿನ್'. ಗಂಡಸಿನ ಹೆಸರಿಗೆ 'ಓವ್' ಹತ್ತುತ್ತದೆ, 'ಆ' ಎಂದು ಮುಗಿಯುವ ಹೆಣ್ಣು ಹೆಸರಿಗೆ 'ಇನ್'. "ಯಾರೂ ಬರೀ ತಾವಷ್ಟೇ ಅಲ್ಲಬೇ," ಎನ್ನುತ್ತಿದ್ದಳು. "ಎಲ್ಲಾರೂ ಯಾರವರೋ ಒಬ್ಬರವರು."

"ಮತ್ತ ನಿಮ್ಮ ಸ್ವಂತ ಹೆಸರ ಏನ ಬಾಬಾ?" ಎಂದು ಒಮ್ಮೆ ಕೇಳಿದೆ.

ಮುದುಕಿ ನಕ್ಕಳು. ಹಳ್ಳಿಯಲ್ಲಿ ಮದುವೆಯಾದ ಮೇಲೆ ಅದನ್ನು ಯಾರು ಕರೆದರು? ಗಂಡನ ಹೆಸರಿಗೆ 'ಓವಿತ್ಸಾ' ಎಂದು ಸೇರಿಸಿದರೆ ಅವನ ಹೆಂಡತಿ. ಅದೇ ಆಕೆಯ ಹೆಸರಾಯಿತು. ಆಕೆಯೂ ಗಂಡನನ್ನು ಹೆಸರಿನಿಂದ ಕರೆದವಳಲ್ಲ. 'ನಾಶಿಯೊತ್' ಎನ್ನುತ್ತಿದ್ದಳಂತೆ, ನಮ್ಮವರು. ಅದನ್ನು ಕೇಳಿದ್ದೇ ನಾನು ಆಕೆಯ ತೋಳು ಹಿಡಿದು ಕುಣಿದೆ. ನೋಡ್ರಿ, ನೋಡ್ರಿ, ನಾನೊಬ್ಬಳೇ ಹುಚ್ಚಿ ಅಲ್ಲ! ಮನೆಗೆ ಬಂದು ಇವರಿಗೆ ಹೇಳಿದರೆ, "ನಿನಗ ಸರಿಯಾದ ಜೋಡಿ ಸಿಕ್ಕಾಳ ಬಿಡು" ಎಂದರು.

ಇವರಿಗೆ ಮಾತ್ರ ಯಾರವರು ಎಂಬ ಆ ಪ್ರಶ್ನೆ ಕಂಡರೆ ಆಗುತ್ತಿರಲಿಲ್ಲ. "ನಿನಗ ಶೇಂಗಾ ಕೊಟ್ಟ ಕಳಿಸಿದ್ರು, ಅದಕ್ಕ ನಿನಗ ಅದು ಸವಿ. ಯಾರ ಪೈಕಿ ಅಂತ ಕೇಳಿ, ಉತ್ತರ ಸರಿ ಬರಲಿಲ್ಲ ಅಂದ್ರ ಕಟ್ಟಿ ಮ್ಯಾಲೂ ಕೂಡ್ರಸಲಿಲ್ಲ, ಅಂಥವರೂ ನಮ್ಮೂರಾಗ ಇದ್ರು. ಇಲ್ಲಿ ಯಾರೂ ಕೇಳೂದಿಲ್ಲ. ನನಗ ಅದs ಪಸಂದ ಐತಿ." ಅವರ ಮಾತಿನಲ್ಲಿ ನ್ಯಾಯವಿತ್ತು. ಆದರೆ ನ್ಯಾಯ ಅವರ ಕಡೆ ಇದ್ದರೂ ಹಂಬಲ ನನ್ನ ಕಡೆ ಇತ್ತಲ್ಲ, ಅದಕ್ಕೇನು ಮಾಡಲಿ?

ಬಾಬಾಳ ಮಗನೂ ಇವರ ಪಕ್ಷವೇ. ಕಾರಿನ ಫ್ಯಾಕ್ಟರಿಯಲ್ಲಿ ಕೆಲಸ, ಹೆಂಡತಿ ಬಿಟ್ಟು ಹೋಗಿದ್ದಳು, ತಾಯಿಯ ಜೊತೆ ಮೇಲಿನ ಮಹಡಿಯಲ್ಲಿದ್ದ. ನನಗಿಂತ ಬಹಳ ದೊಡ್ಡವನು. ಆದರೆ ಬಾಬಾ ಬೈಯುವುದನ್ನು ಕೇಳಿ ಕೇಳಿ ನನಗೂ 'ಅವನು' ಆಗಿಬಿಟ್ಟಿದ್ದ. ಹರೆಯದಲ್ಲಿ ಕೆಲಸಕ್ಕೆ ಸೇರುವಾಗ ಅವನು ತನ್ನ ಹೆಸರಿನ 'ಓವ್‌ಸ್ಕಿ'ಯನ್ನು ಕಾಯ್ದೆಶೀರಾಗಿ ಕತ್ತರಿಸಿ ಒಗೆದಿದ್ದ. ಮಂದಿಗೆ ಉಚ್ಚರಿಸಲು ಬರುತ್ತಿರಲಿಲ್ಲ, ನಗುತ್ತಿದ್ದರು ಎಂದು ಕಾರಣ. ಉಳಿದದ್ದು ಅವನ ಅಪ್ಪನ ಅಜ್ಜನ ಬರಿಯ ಹೆಸರು. ಮುಂಬಾಗಿಲಿನ ಗಂಟೆಯ ಹತ್ತಿರ ತಾಯಿ ಮಗನಿಗೆ ಬೇರೆ ಬೇರೆ ಹೆಸರಿನ ಪಟ್ಟಿಗಳಿದ್ದವು, ಒಂದಕ್ಕೆ ಬಾಲವಿತ್ತು, ಇನ್ನೊಂದಕ್ಕೆ ಇರಲಿಲ್ಲ. "ಪೋಸ್ಟಿನವ ನಮ್ಮನ್ನ ಬೇರೆ ಬೇರೆ ಮನಿಯವರು ಅಂತ ತಿಳಿದಾನ" ಎಂದು ಬಾಬಾ ಯಾವಾಗಲೂ ಕುಟುಕುತ್ತಿದ್ದಳು. ಅವನು "ಅಮ್ಮಾ, ಅದು ಬರೀ ಹೆಸರು" ಎಂದು ಭುಜ ಕುಣಿಸುತ್ತಿದ್ದ.

ನಮ್ಮ ಮಗಳು ಆ ಮನೆಯಲ್ಲೇ ಹುಟ್ಟಿ ಬೆಳೆದಳು. ಬಾಬಾ ಆಕೆಯನ್ನು 'ಬಾಬಿನಾ' ಎಂದು ಮುದ್ದು ಮಾಡುತ್ತಿದ್ದಳು, ಅಜ್ಜಿಯವಳು ಎಂದು. ಮಾತು ಬಂದ ಮೇಲೆ ಒಂದು ದಿನ "ಚೀಯಾ ಸಿ ತಿ?" ಎಂದು ಕೇಳಿದಳು. ಮಗಳು ಎದೆ ಮುಟ್ಟಿಕೊಂಡು "ಐ ಯಾಮ್ ಮೀ, ಬಾಬಾ!" ಎಂದಳು. ಬಾಬಾ ನನ್ನ ಮುಖ ನೋಡಿದಳು, ನಾನು ಬಾಬಾಳ ಮುಖ ನೋಡಿದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಇವರಿಗೆ ವುಡ್‌ಬ್ರಿಡ್ಜಿನಲ್ಲಿ ಓದಿಗೆ ತಕ್ಕ ಕೆಲಸ ಸಿಕ್ಕಿತು. ನಾವು ಎರಿನ್ ಮಿಲ್ಸ್‌ನಲ್ಲಿ ಮನೆ ಮಾಡಿದೆವು. ಸುತ್ತ ಕನ್ನಡದವರು ಬೇಕಾದಷ್ಟು ಜನ, ಬೆಂಗಳೂರು ಮೈಸೂರಿನ ಕಡೆಯವರು, ಒಳ್ಳೆಯವರು. ಪಾಟ್‌ಲಕ್ಕಿಗೆ ಹೋದರೆ "ಯಾವಾಗ ಮೂವ್ ಆದ್ರಿ? ಡಿಟ್ಯಾಚ್ಡಾ, ಸೆಮಿನಾ? ಮಗಳನ್ನ ಯಾವ ಸ್ಕೂಲಿಗೆ ಹಾಕಿದ್ರಿ?" ಎಂದು ಪ್ರೀತಿಯಿಂದಲೇ ವಿಚಾರಿಸುತ್ತಿದ್ದರು. ನನ್ನ ಭಾಷೆ ಕೇಳಿ "ಎಷ್ಟು ಕ್ಯೂಟಾಗಿದೆ ನಿಮ್ಮ ಧಾರವಾಡ ಕನ್ನಡ!" ಎನ್ನುತ್ತಿದ್ದರು. ಕ್ಯೂಟಂತೆ! ನಾನು ಹಲ್ಲು ಬಿಟ್ಟು ನಿಲ್ಲುತ್ತಿದ್ದೆ.

ಆ ಹೊತ್ತಿಗೆ ಅಪ್ಪ, ಅವ್ವ ಇಬ್ಬರೂ ಹೋಗಿದ್ದರು. ಒಂದು ಭಾನುವಾರ ಕಾಲಿಂಗ್ ಕಾರ್ಡು ಹಚ್ಚಿ ಊರಿಗೆ ಫೋನು ಮಾಡಿದರೆ ಎಳೆಯ ದನಿಯೊಂದು ಎತ್ತಿತು. ತಮ್ಮನ ಹೆಂಡತಿ, ಮದುವೆಯಾಗಿ ಬಂದು ಆಗಿನ್ನೂ ಕೆಲವು ದಿನ. "ಯಾರ್ರೀ ಮಾತಾಡೂದು? ಯಾರ ಬೇಕಾಗಿತ್ರಿ?" ಎಂದು ಬಹಳ ಮರ್ಯಾದೆಯಿಂದ ಕೇಳಿದಳು. ಯಾರು ಬೇಕಾಗಿತ್ತು ನನಗೆ? "ನಾ ಈ ಮನಿ ಮಗಳವ್ವ" ಎಂದೆ. "ಹಾಂ? ಕೇಳಸವಲ್ದರೀ" ಎಂದಳು. ಲೈನು ಕಟ್ ಆಯಿತು. ಮತ್ತೆ ಮಾಡಬಹುದಿತ್ತು, ಮಾಡಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತೆ. ಮಗಳು ಬಂದು "ವಾಟ್ ಹ್ಯಾಪನ್ಡ್, ಅಮ್ಮಾ?" ಎಂದಳು. ಈರುಳ್ಳಿ ಎಂದೆ. ಈರುಳ್ಳಿ ಅಲ್ಲಿ ಇರಲೂ ಇಲ್ಲ.

ಏನೇ ಇರಲಿ, ಸೆಪ್ಟೆಂಬರು ಬಂದರೆ ನಾನು ತಪ್ಪದೆ ಒಶಾವಾಕ್ಕೆ ಹೋಗುತ್ತಿದ್ದೆ. ಫೋರ್ ಓ ವನ್ ಹೈವೇ ಆ ತುದಿಯಿಂದ ಈ ತುದಿಗೆ. ಖಾರವಿಲ್ಲದ ಮೆಣಸಿನಕಾಯಿ ಸುಲಿಯಲು ಇಷ್ಟು ದೂರ ಪೆಟ್ರೋಲು ಸುಡಬೇಕೇ ಎಂದು ಇವರು ಗೊಣಗುತ್ತಲೇ ಕಾರು ತೆಗೆಯುತ್ತಿದ್ದರು.

ಹೋದಾಗಲೆಲ್ಲ ಬಾಬಾ ಒಂದಿಷ್ಟು ಕಡಿಮೆಯಾಗಿರುತ್ತಿದ್ದಳು. ಮೊದಲು ಒಲೆಯ ಮೇಲಿನ ಪಾತ್ರೆ ಮರೆತಳು. ಆಮೇಲೆ ಇಂಗ್ಲಿಷು ಪೂರ್ತಿ ಉದುರಿಹೋಯಿತು. ಆಮೇಲೆ ಮನುಷ್ಯರು. ನನ್ನನ್ನು ಕಂಡ ಕೂಡಲೇ "ಚೀಯಾ ಸಿ ತಿ, ಮೋರಿ?" ಎಂದು ಹೊಸದಾಗಿ ಕೇಳುತ್ತಿದ್ದಳು. ನಾನು ಅಪ್ಪನ ಹೆಸರು, 'ನವರ' ಎಲ್ಲ ಹೇಳುತ್ತಿದ್ದೆ. ನನಗೆ ಬೇಜಾರಿರಲಿಲ್ಲ, ದಿನವಿಡೀ ಕೇಳಲಿ! ನರ್ಸಿಗೂ ಅದೇ ಪ್ರಶ್ನೆ, ಪೋಸ್ಟಿನವನಿಗೂ ಅದೇ. ಕೇಳದೆ ಬಿಟ್ಟದ್ದು ಒಬ್ಬನನ್ನೇ, ಮಗನನ್ನು.

ಅವನು ಕೆಲಸದಿಂದ ನಿವೃತ್ತಿ ತೆಗೆದುಕೊಂಡು ಅವಳನ್ನು ನೋಡಿಕೊಳ್ಳುತ್ತಿದ್ದ. ಉಣಿಸುತ್ತಿದ್ದ, ಮೀಯಿಸುತ್ತಿದ್ದ, ತಲೆ ಬಾಚುತ್ತಿದ್ದ. ಅವಳು ಅವನನ್ನು ಯಾರೋ ಆಫೀಸಿನ ದೊಡ್ಡ ಮನುಷ್ಯ ಎಂದುಕೊಂಡಿದ್ದಳು. ಅವರ ಭಾಷೆಯಲ್ಲೂ ನಮ್ಮಂತೆ 'ನೀ' ಬೇರೆ, 'ನೀವು' ಬೇರೆ. ಹೆತ್ತ ಮಗನಿಗೆ ಅವಳು ನೀವು ಎನ್ನುತ್ತಿದ್ದಳು. ಒಂದು ವರ್ಷ ವಸಂತದಲ್ಲಿ ನಾನು ಹೋದಾಗ ಅವನು ಸಿಂಕಿನ ಮುಂದೆ ಬೆನ್ನು ತಿರುಗಿಸಿ ನಿಂತು ಹೇಳಿದ: "ಎಲ್ಲರನ್ನೂ ಯಾರವರು ಅಂತ ಕೇಳುತ್ತಾಳೆ. ನನ್ನನ್ನು ಕೇಳುವುದಿಲ್ಲ. ನಾನು ತುತ್ತು ಕೊಟ್ಟರೆ ನನ್ನ ತಾಯಿ ನನಗೆ ಥ್ಯಾಂಕ್ಯೂ ಹೇಳುತ್ತಾಳೆ." ನನಗೆ ಆ ಸೂಪಿನ ದಿನ ನೆನಪಾಯಿತು. ಪಾತ್ರೆ ಒರೆಸುತ್ತಾ ನಿಂತೆ. "ಒಂದೇ ಒಂದು ಸಲ ನನ್ನನ್ನು ಕೇಳಿದರೆ ಸಾಕು" ಎಂದ, ಐವತ್ತು ದಾಟಿದ ಗಂಡಸು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವನು ಮೆಣಸಿನಕಾಯಿ ತರಬೇಕೋ ಬೇಡವೋ ಎಂದು ಫೋನು ಮಾಡಿದ್ದ. ಅವಳಿಗೇ ತಿಳಿಯುವುದಿಲ್ಲವಲ್ಲ ಎಂದ. "ಮೂಗಿಗೆ ತಿಳೀತೈತೋ ಮಾರಾಯಾ, ತಾ" ಎಂದು ನಾನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಗದರಿದೆ. ಹಳೆಯ ಹೆಂಗಸರಲ್ಲಿ ಯಾರೂ ಉಳಿದಿರಲಿಲ್ಲ. ಗ್ಯಾರೇಜಿನಲ್ಲಿ ನಾವು ಮೂವರೇ. ಬಾಬಾಳನ್ನು ಕುರ್ಚಿಯಲ್ಲಿ ಕೂರಿಸಿ ಮೊಣಕಾಲಿಗೆ ಹೊದಿಕೆ ಹಾಕಿದೆವು. ಅವನು ಅಪ್ಪನ ಹಳೆಯ ಟೊಪ್ಪಿಗೆ ಇಟ್ಟುಕೊಂಡು ಡ್ರಮ್ಮು ತಿರುಗಿಸತೊಡಗಿದ. ಕಾಯಿ ಸಿಡಿಯಿತು, ಹೊಗೆ ಎದ್ದಿತು, ಅವನ ಮುಖಕ್ಕೆಲ್ಲ ಮಸಿ ಮೆತ್ತಿತು. ನಾನು ಸುಟ್ಟ ಕಾಯಿಗಳನ್ನು ಪಾತ್ರೆಗೆ ತುಂಬಿ ಮುಚ್ಚಿ, ಬೆವೆತ ಮೇಲೆ ಸುಲಿಯಲು ಕುಳಿತೆ. ಬಾಬಾಳ ಮುಂದೆಯೂ ಒಂದು ಕಾಯಿ ಇಟ್ಟೆ. ಬೆರಳುಗಳು ತಾವೇ ಸುಲಿಯತೊಡಗಿದವು, ನೀರು ಮುಟ್ಟಿಸದೆ, ತುದಿಯಿಂದ ಬುಡಕ್ಕೆ, ಒಂದೇ ಎಳೆತಕ್ಕೆ.

ಸ್ವಲ್ಪ ಹೊತ್ತಿಗೆ ಬೆರಳು ನಿಂತವು. ಅವಳು ಉರಿಯ ಕಡೆ, ಟೊಪ್ಪಿಗೆಯ ಕಡೆ ನೋಡುತ್ತಿದ್ದಳು.

"ಚೀಯ್ ಸಿ ತಿ, ಬ್ರೆ?"

ಯಾರವನೋ ನೀನು? 'ನೀವು' ಅಲ್ಲ, 'ನೀ'. ಅವನ ಕೈಯಲ್ಲಿದ್ದ ಚಿಮಟ ಹಾಗೆಯೇ ನಿಂತಿತು. ಅವನು ಗ್ಯಾಸು ಆರಿಸಿ, ಅವಳ ಮುಂದೆ ಬಂದು ಕುಕ್ಕರುಗಾಲಲ್ಲಿ ಕುಳಿತು ತನ್ನ ಹೆಸರು ಹೇಳಿದ. ಎಲ್ಲರೂ ಕರೆಯುವ ಇಂಗ್ಲಿಷ್ ಹೆಸರು. ಮುದುಕಿ ಕಾಯುತ್ತಲೇ ಇದ್ದಳು, ಉತ್ತರ ಇನ್ನೂ ಬಂದೇ ಇಲ್ಲ ಎಂಬಂತೆ. ಅವನು ಮನೆತನದ ಹೆಸರು ಹೇಳಿದ, ಬಾಲ ಕತ್ತರಿಸಿದ್ದು. ಅವಳು ಹುಬ್ಬು ಗಂಟಿಕ್ಕಿ ಏನೋ ಅಂದಳು. ಅವನು ನನ್ನ ಕಡೆ ತಿರುಗಿದ. "ಅವನು ಸತ್ತು ಬಹಳ ಕಾಲವಾಯಿತು ಅನ್ನುತ್ತಿದ್ದಾಳೆ," ಎಂದ.

ನನಗೆ ತಡೆಯಲಾಗಲಿಲ್ಲ. "ಅಯ್ಯ, ನಿನ್ನ ಹೆಸರ ಯಾರಿಗೆ ಬೇಕೋ ಹುಚ್ಚಪ್ಪಾ! ಯಾರವ ಅಂತ ಕೇಳಾಕತ್ತಾಳ. ನಿಮ್ಮಪ್ಪನ ಹೆಸರಿಗೆ ಓವ್ ಹಚ್ಚಿ ಹೇಳು, ಅಪ್ಪನವ ಅಂತ ಹೇಳು!" ಎಂದು ಕೂಗಿದೆ. ಆಮೇಲೆ ಎಚ್ಚರವಾಗಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ.

ಅವನು ಟೊ‍ಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಷ್ಟು ವರ್ಷಗಳಲ್ಲಿ ಅವನ ಬಾಯಿಂದ ಅವನ ಅಪ್ಪನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಹೆಸರು ಹೇಳಿ, ತಡೆದು, ಕೊನೆಗೆ 'ಓವ್' ಎಂದ.

ಬಾಬಾಳ ಮುಖ ಅರಳಿತು! ಎರಡೂ ಕೈಯಿಂದ ಅವನ ಮಸಿ ಮುಖ ಹಿಡಿದಳು, ಕಿವಿ ಹಿಡಿದು ಜಗ್ಗಿದಳು, ಗಲ್ಲ ತಟ್ಟಿದಳು. ಮಾತು ಒಂದರ ಮೇಲೊಂದು ಬಂದವು. ಇಷ್ಟು ವರ್ಷ ಆ ಅಡುಗೆಮನೆಯಲ್ಲಿ ಕುಳಿತ ನನಗೆ ಅವರ ಭಾಷೆ ಅಷ್ಟು ತಿಳಿಯುತ್ತಿತ್ತು. ಅವನವನೇನೋ ನೀನು? ಮೊದಲೇ ಹೇಳಬಾರದಾ? ಅದಕ್ಕೇ ನಿನಗೂ ಅವನದೇ ಕಿವಿ! ಅವನು ಕಣ್ಣು ಮುಚ್ಚಿಕೊಂಡು ಮುಖವನ್ನು ಅವಳ ಕೈಗಳಲ್ಲಿ ಬಿಟ್ಟಿದ್ದ. ನನಗೂ ಕಣ್ಣು ತುಂಬಿ ಬಂತು. ಗುರುತು ಹಿಡಿದಳು, ಶಿವನೇ, ಗುರುತು ಹಿಡಿದಳು ಎಂದುಕೊಂಡೆ.

ಮುದುಕಿ ಅವನನ್ನು ಬಿಟ್ಟು ಸುಲಿದ ಕಾಯಿಗಳನ್ನು ಒಂದು ಬಟ್ಟಲಿಗೆ ತುಂಬತೊಡಗಿದಳು. ಒಳ್ಳೊಳ್ಳೆಯವನ್ನೇ ಆರಿಸಿ ತುಂಬಿ ಅವನ ಕೈಗೆ ಕೊಟ್ಟಳು.

"ತಗೋ, ನಿಮ್ಮವ್ವಗ ಕೊಡು. ನಾ ಕೊಟ್ಟೇನಿ ಅಂತ ಹೇಳು. ಹೋಗು ಮಗನ, ಕತ್ತಲಾಗತೈತಿ. ನಿಮ್ಮವ್ವ ಹಾದಿ ನೋಡ್ತಿರ್ತಾಳ."

ಹೊರಗೆ ಮಧ್ಯಾಹ್ನದ ಸುಡು ಬಿಸಿಲಿತ್ತು.

ಆ ಪ್ರಶ್ನೆಯ ಕೊನೆ ಹೇಗಿರುತ್ತದೆಂದು ನನಗೆ ಹುಟ್ಟಿನಿಂದ ಗೊತ್ತಿತ್ತು. ನಮ್ಮೂರ ಕಟ್ಟೆಯ ಮುದುಕಿಯರೂ ಇದನ್ನೇ ಹೇಳಿ ಅಟ್ಟುತ್ತಿದ್ದರಲ್ಲವೇ. ಅವನು ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ. ಅವನು "ದಾ, ಬಾಬಾ" ಎಂದ, ಹೌದು ಅಜ್ಜಿ ಎಂದು. ಊರಿನ ಮುದುಕಿಗೆ ಸಣ್ಣ ಹುಡುಗ ಹೇಳುವ ಹಾಗೆ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲ ಕೆಳಗೆ ಬಗ್ಗಿ ಹೊರಗೆ ಹೋದ. ಮನೆಯನ್ನು ಸುತ್ತಿ ಹೋಗುವ ಅವನ ಹೆಜ್ಜೆ ಕೇಳಿತು. ಮುಂಬಾಗಿಲು ತೆರೆದದ್ದು ಕೇಳಿತು. ಒಳಗೆ ಅಡುಗೆಮನೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ಅವನು ಮನೆಗೆ ಹೋಗಿದ್ದ.

"ಒಳ್ಳೆ ಹುಡುಗ," ಎಂದಳು ಬಾಬಾ. "ಅವನ ಹಡದಾಕಿ ಪುಣ್ಯವಂತಳು."

ನಾನು ಸೆರಗಿನಿಂದ ಮುಖ ಒರೆಸಿಕೊಳ್ಳಬೇಕೆಂದು ಕೈ ಹಾಕಿದೆ. ತೊಟ್ಟದ್ದು ಜೀನ್ಸು ಸ್ವೆಟರು, ಸೆರಗೆಲ್ಲಿತ್ತು? ಅವಳು ಇನ್ನೊಂದು ಕಾಯಿ ಎತ್ತಿಕೊಂಡು ನನ್ನತ್ತ ತಿರುಗಿದಳು.

"ನೀ ಯಾರ ಮಗಳಬೇ?"

ಅಪ್ಪನ ಹೆಸರು ಹೇಳಿದೆ. ಮನೆತನದ ಹೆಸರು ಹೇಳಿದೆ, ಕೊನೆಯ 'ನವರ' ಬಾಯಿಯಲ್ಲಿ ಒಡೆಯಿತು. ಅವಳು ತಲೆಯಾಡಿಸಿದಳು.

"ದೂರ ಏನ ನಿಮ್ಮ ಮನಿ?"

"ದೂರ, ಯವ್ವಾ."

"ಹಂಗಾರ ಈಗs ಹೊಂಡು," ಎಂದು ಅವಳು ನನ್ನ ಕೈಯಲ್ಲಿದ್ದ ಕಾಯಿಯನ್ನು ತೆಗೆದುಕೊಂಡಳು.